ಆಗಸ್ಟ್‌ನಲ್ಲೇ ಕೆಂಪಾದ ಓಕ್ ಮರಗಳು: ಜಪಾನಿನ ಒಂದು ಕೇಸ್, ಶುರುವಿಂದ

ಜಪಾನಲ್ಲಿ ಎಲೆ ಕೆಂಪಾಗೋ ಸೀಸನ್ ಅಂದ್ರೆ ಅಕ್ಟೋಬರ್, ನವೆಂಬರ್. ಆದ್ರೆ ಜುಲೈ ಕೊನೆ, ಆಗಸ್ಟ್ ಹೊತ್ತಿಗೆ, ಗುಡ್ಡ ಪೂರ್ತಿ ಗಾಢ ಹಸಿರಾಗಿರೋ ಟೈಮಲ್ಲಿ, ನಡುನಡುವೆ ಒಂದೊಂದು ಮರ ಮಾತ್ರ ಕೆಂಪು ಕಂದು ಬಣ್ಣಕ್ಕೆ ತಿರುಗಿ ನಿಂತಿದ್ರೆ ಅಲ್ಲಿನ ಅರಣ್ಯ ಇಲಾಖೆಯವ್ರಿಗೆ ಎದೆ ಧಸಕ್ ಅನ್ನುತ್ತೆ. ಹತ್ರ ಹೋಗಿ ನೋಡಿದ್ರೆ ಎಲೆ ಉದುರಿರಲ್ಲ, ಒಣಗಿ ಕೊಂಬೆಗೇ ಅಂಟ್ಕೊಂಡು ನೇತಾಡ್ತಿರುತ್ತೆ, ಬುಡದ ಸುತ್ತ ಮರದ ಹುಡಿ ರಾಶಿ ಬಿದ್ದಿರುತ್ತೆ, ಕಾಂಡದ ಮೇಲೆ ಎರಡು ಮಿಲಿಮೀಟರ್ ಕೂಡ ಇಲ್ಲದ ತೂತುಗಳು, ಒಂದೆರಡಲ್ಲ, ನೂರಾರು. ಜೂನ್‌ನಲ್ಲಿ ಚೆನ್ನಾಗಿದ್ದ ಮರ ಆಗಸ್ಟ್‌ಗೆ ಸತ್ತೇ ಹೋಗಿರುತ್ತೆ. ನೂರಿನ್ನೂರು ವರ್ಷದ ಮರಕ್ಕೂ ಇದೇ ಗತಿ.

ಅಲ್ಲಿನ ಜನ ಇದನ್ನ ನಾರಾಗಾರೆ ಅಂತಾರೆ. ನಾರಾ ಅಂದ್ರೆ ಎಲೆ ಉದುರಿಸೋ ಜಾತಿಯ ಓಕ್‌ಗಳು, ಮುಖ್ಯವಾಗಿ ಎರಡು: ಮಿಜುನಾರಾ ಮತ್ತು ಕೊನಾರಾ. ವಿಸ್ಕಿ ಬಗ್ಗೆ ಆಸಕ್ತಿ ಇರೋರಿಗೆ ಮಿಜುನಾರಾ ಹೆಸರು ಗೊತ್ತಿರುತ್ತೆ, ಜಪಾನಿ ವಿಸ್ಕಿಯ ದುಬಾರಿ ಪೀಪಾಯಿಗಳು ಇದೇ ಮರದ್ದು. ಕೊನಾರಾ ಊರ ಹತ್ತಿರದ ಗುಡ್ಡದ ಮರ, ಸೌದೆಗೆ, ಇದ್ದಿಲಿಗೆ, ಶಿಟಾಕೆ ಅಣಬೆ ಬೆಳೆಸೋ ದಿಮ್ಮಿಗೆ.

ಈ ಕೇಸನ್ನ ಬರೀಬೇಕು ಅಂತ ಅನ್ಸಿದ್ದು ಯಾಕಂದ್ರೆ ಇದರಲ್ಲಿ ಕೊಲೆಗಾರ ಯಾರು ಅನ್ನೋ ಪ್ರಶ್ನೆಗೆ ಒಂದು ಹೆಸರು ಹೇಳಿ ಫೈಲ್ ಕ್ಲೋಸ್ ಮಾಡೋಕಾಗಲ್ಲ. ದುಂಬಿ ಅಂತ ಹೇಳಿದ್ರೆ ಅರ್ಧ ಸರಿ, ಫಂಗಸ್ ಅಂದ್ರೆ ಮುಕ್ಕಾಲು ಸರಿ, ಉಳಿದ ಕಾಲು ಭಾಗ ಮನುಷ್ಯರ ಅಡಿಗೆಮನೆಗೆ ಹೋಗಿ ನಿಲ್ಲುತ್ತೆ.

ಮೊದಲು ಯಾರ್ಯಾರ ಮೇಲೆ ಡೌಟ್ ಇತ್ತು

1930ರ ದಶಕದಲ್ಲೇ ದಕ್ಷಿಣದ ಕ್ಯೂಶು ದ್ವೀಪದ ಮಿಯಾಜಾಕಿ, ಕಾಗೋಶಿಮಾ ಕಡೆ ಈ ಥರ ಮರ ಸತ್ತ ದಾಖಲೆಗಳಿವೆ. ಆಗ ಒಂದು ಕಡೆ ಶುರುವಾಗಿ ಕೆಲವು ವರ್ಷದಲ್ಲಿ ತಾನಾಗೇ ತಣ್ಣಗಾಗ್ತಿತ್ತು. 1980ರ ದಶಕದ ನಂತರ ಹಾಗಾಗ್ಲಿಲ್ಲ. ಜಪಾನ್ ಸಮುದ್ರದ ಕಡೆ ಇರೋ ಪ್ರಾಂತ್ಯಗಳಲ್ಲಿ ಶುರುವಾಗಿದ್ದು ನಿಲ್ಲಲೇ ಇಲ್ಲ, ಪಕ್ಕದ ಕಣಿವೆಗೆ, ಅಲ್ಲಿಂದ ಅದರ ಪಕ್ಕಕ್ಕೆ, ಹೀಗೆ ವರ್ಷಾ ವರ್ಷ ಮುಂದೆ ಹೋಗ್ತಾನೇ ಇತ್ತು.

ಆಗ ವಿಜ್ಞಾನಿಗಳು ಆಸಿಡ್ ಮಳೆ ಅಂದ್ರು, ಬರ ಅಂದ್ರು, ಬೇರು ಕೊಳೆಸೋ ಆರ್ಮಿಲೇರಿಯಾ ಅಣಬೆ ಅಂದ್ರು. ತೂತು ಕೊರೆಯೋ ದುಂಬಿ ಕಣ್ಣೆದುರೇ ಇದ್ರೂ ಅದನ್ನ ಯಾರೂ ಅಷ್ಟು ಸೀರಿಯಸ್ಸಾಗಿ ತಗೊಳ್ಳಲಿಲ್ಲ, ಅದಕ್ಕೆ ಕಾರಣಾನೂ ಇತ್ತು. ಈ ಗುಂಪಿನ ದುಂಬಿಗಳು ಸಾಮಾನ್ಯವಾಗಿ ಆರೋಗ್ಯವಾಗಿರೋ ಮರಕ್ಕೆ ಹೋಗಲ್ಲ, ಬಿದ್ದ ಮರ, ಸಾಯ್ತಿರೋ ಮರ, ಕಡಿದಿಟ್ಟ ದಿಮ್ಮಿ ಇವುಗಳಿಗೆ ಹೋಗೋದು ಅವುಗಳ ಸ್ವಭಾವ. ಹಾಗಾಗಿ ಸತ್ತ ಮರದಲ್ಲಿ ದುಂಬಿ ಕಂಡ್ರೆ ಮರ ಮೊದಲು ಬೇರೆ ಏನಕ್ಕೋ ಸೊರಗಿದೆ, ದುಂಬಿ ಆಮೇಲೆ ಬಂದಿದೆ ಅಂತ ಅಂದ್ಕೊಳ್ಳೋದು ಆ ಕಾಲದ ಪಾಠ. ಪಾಠ ತಪ್ಪಲ್ಲ, ಈ ಕೇಸಿಗೆ ಹೊಂದ್ಲಿಲ್ಲ ಅಷ್ಟೇ.

ಆ ದುಂಬಿಯ ವೈಜ್ಞಾನಿಕ ಹೆಸರು ಪ್ಲಾಟಿಪಸ್ ಕ್ವೆರ್ಸಿವೊರಸ್, ಉದ್ದ ಸುಮಾರು 5 ಮಿಲಿಮೀಟರ್, ಉದ್ದುದ್ದ ಕೊಳವೆ ಆಕಾರ, ಕಂದು ಬಣ್ಣ. 1990ರ ದಶಕದಲ್ಲಿ ಇದು ಕೊರೆದ ಸುರಂಗಗಳಿಂದ ಒಂದು ಫಂಗಸ್ ಪದೇ ಪದೇ ಸಿಗೋಕೆ ಶುರುವಾಯ್ತು, ಅದನ್ನ ಆರೋಗ್ಯವಾಗಿರೋ ಮರಕ್ಕೆ ಹಾಕಿ ಟೆಸ್ಟ್ ಮಾಡಿದ್ರು, ಮರಗಳು ಬಾಡಿದ್ವು. 2002ರಲ್ಲಿ ಕುಬೋನೊ ಮತ್ತು ಇತೋ ಅದನ್ನ ಹೊಸ ಜಾತಿ ಅಂತ ವಿವರಿಸಿ ರಫೇಲಿಯಾ ಕ್ವೆರ್ಸಿವೊರಾ ಅಂತ ಹೆಸರಿಟ್ರು. ಆಮೇಲೆ 2006ರಲ್ಲಿ ಕಿನುಉರಾ ಮತ್ತು ಕೊಬಾಯಾಶಿ ಅನ್ನೋರು ದುಂಬಿಗಳನ್ನೇ ಆರೋಗ್ಯವಂತ ಮಿಜುನಾರಾ ಮರಗಳಿಗೆ ಬಿಟ್ಟು, ಮರ ಸಾಯೋದನ್ನ ತೋರಿಸಿ, ಒಳಗಿಂದ ಅದೇ ಫಂಗಸ್ಸನ್ನ ವಾಪಸ್ ತೆಗೆದು ಪೇಪರ್ ಪಬ್ಲಿಷ್ ಮಾಡಿದ್ರು. ದುಂಬಿ ಆಮೇಲೆ ಬರೋ ಅತಿಥಿ ಅನ್ನೋ ವಾದ ಅಲ್ಲಿಗೆ ಬಿದ್ದೋಯ್ತು.

ಮರದೊಳಗೆ ಏನಾಗುತ್ತೆ

ಈ ದುಂಬಿ ಮರ ತಿನ್ನಲ್ಲ. ಇದನ್ನ ಸ್ವಲ್ಪ ಒತ್ತಿ ಹೇಳ್ಬೇಕು, ಯಾಕಂದ್ರೆ ಮರ ಕೊರೆಯೋ ಹುಳ ಅಂದ ತಕ್ಷಣ ಎಲ್ರೂ ಅಂದ್ಕೊಳ್ಳೋದೇ ಅದು ಮರ ತಿಂದು ಬದುಕುತ್ತೆ ಅಂತ. ಇದು ಮರದಲ್ಲಿ ಸುರಂಗ ತೋಡೋದು ಒಳಗೆ ಫಂಗಸ್ ಬೆಳೆಸೋಕೆ, ಮರಿಗಳಿಗೆ ಊಟ ಅದೇ. ಇಂಥ ದುಂಬಿಗಳಿಗೆ ಆಂಬ್ರೋಸಿಯಾ ದುಂಬಿ ಅಂತಾರೆ.

ಮೊದಲು ಬರೋದು ಗಂಡು. ಜೂನ್, ಜುಲೈನಲ್ಲಿ ಹಳೇ ಮರದಿಂದ ಹೊರಗೆ ಬಂದು ಹೊಸ ಮರದ ಬುಡದ ಹತ್ರ, ಹೆಚ್ಚಾಗಿ ನೆಲದಿಂದ ಒಂದೆರಡು ಮೀಟರ್ ಎತ್ತರದೊಳಗೆ ಒಂದು ಸಣ್ಣ ಸುರಂಗ ಕೊರೆದು ಅಲ್ಲಿಂದ ವಾಸನೆ ಬಿಡುತ್ತೆ. ಈ ವಾಸನೆ ಹೆಣ್ಣನ್ನ ಕರೆಯೋದಲ್ದೆ ಇನ್ನಷ್ಟು ಗಂಡುಗಳನ್ನೂ ಕರೆಯುತ್ತೆ. 2000ರ ದಶಕದಲ್ಲಿ ಆ ಕೆಮಿಕಲ್ ಯಾವುದು ಅಂತ ಪತ್ತೆ ಮಾಡಿ ಅದಕ್ಕೆ ಕ್ವೆರ್ಸಿವೊರಾಲ್ ಅಂತ ಹೆಸರು ಕೊಟ್ರು. ಒಂದು ಗಂಡು ಜಾಗ ಹಿಡೀತು ಅಂದ್ರೆ ಕೆಲವೇ ದಿನದಲ್ಲಿ ಅದೇ ಮರಕ್ಕೆ ನೂರಾರು ದುಂಬಿ ಮುಗಿಬೀಳುತ್ತೆ, ಪಕ್ಕದ ಮರಕ್ಕೆ ಒಂದೂ ಹೋಗದೇನೂ ಇರ್ಬಹುದು.

ಹೆಣ್ಣು ಬಂದು, ತೂತಿನ ಬಾಯಲ್ಲೇ ಜೋಡಿಯಾಗಿ, ಒಳಗೆ ಹೋಗಿ ಸುರಂಗನ ಮುಂದುವರಿಸೋದು ಅವಳೇ. ಅವಳ ಬೆನ್ನಿನ ಮುಂಭಾಗದ ಚಿಪ್ಪಿನ ಮೇಲೆ ಸಾಲಾಗಿ ಸಣ್ಣ ಸಣ್ಣ ಗುಳಿಗಳಿರುತ್ತೆ, ಅದರೊಳಗೆ ಫಂಗಸ್ ಬೀಜಕಗಳು. ತವರಿಂದ ಹೊಸ ಮನೆಗೆ ಹೋಗೋವಾಗ ಮೊಸರಿಗೆ ಅಂತ ಒಂದು ಬಟ್ಟಲು ಹೆಪ್ಪು ಕಟ್ಕೊಂಡು ಹೋಗೋ ಹಾಗೆ ಹುಟ್ಟಿದ ಮರದ ಫಂಗಸ್ಸನ್ನ ಹೊಸ ಮರಕ್ಕೆ ತಗೊಂಡು ಹೋಗ್ತಾಳೆ. ಸುರಂಗದ ಗೋಡೆಗೆ ಅದು ಹತ್ಕೊಂಡು ಬೆಳೆಯುತ್ತೆ, ಮೊಟ್ಟೆ ಒಡೆದು ಬಂದ ಮರಿಗಳು ಅದನ್ನ ಮೇಯ್ತಾವೆ, ದೊಡ್ಡ ಮರಿಗಳು ಸುರಂಗನ ಇನ್ನೂ ಕವಲು ಒಡೆಸ್ತಾವೆ, ಗಂಡು ಬಾಗಿಲಲ್ಲಿ ಕೂತು ಹುಡಿ ಹೊರಗೆ ತಳ್ಳುತ್ತೆ. ಹೆಚ್ಚಿನವು ಚಳಿಗಾಲ ಒಳಗೇ ಕಳೆದು ಮುಂದಿನ ಬೇಸಿಗೆಯಲ್ಲಿ ಹೊರಗೆ ಬರ್ತಾವೆ.

ಇಲ್ಲೊಂದು ವಿಚಿತ್ರ ಇದೆ. ಆ ಗುಳಿಗಳಲ್ಲಿ, ಸುರಂಗಗಳಲ್ಲಿ ಇರೋದು ರಫೇಲಿಯಾ ಒಂದೇ ಅಲ್ಲ, ಯೀಸ್ಟ್‌ಗಳೂ ಇವೆ, 2008ರಲ್ಲಿ ಕ್ಯಾಂಡಿಡಾ ಕಾಶಿನಾಗಕೋಲಾ ಅನ್ನೋ ಹೊಸ ಯೀಸ್ಟನ್ನೇ ಇದರ ಸುರಂಗ ಇರೋ ಮರಗಳಿಂದ ವಿವರಿಸಿದ್ರು. ಮರಿಗಳ ಊಟದಲ್ಲಿ ಈ ಯೀಸ್ಟ್‌ಗಳ ಪಾಲು ದೊಡ್ಡದು ಅನ್ನೋ ಅಭಿಪ್ರಾಯ ಬಲವಾಗಿದೆ. ಅಂದ್ರೆ ಮರ ಕೊಲ್ಲೋ ಫಂಗಸ್ಸೂ, ಮರಿ ಸಾಕೋ ಫಂಗಸ್ಸೂ ಒಂದೇ ಆಗಿರ್ಬೇಕು ಅಂತೇನಿಲ್ಲ. ನನಗಂತೂ ರಫೇಲಿಯಾದ ಕೆಲಸ ಮರದ ಪ್ರತಿರೋಧ ಮುರಿಯೋದು, ಯೀಸ್ಟಿನ ಕೆಲಸ ಅಡಿಗೆ ಅನ್ನೋ ಹಂಚಿಕೆ ಇಷ್ಟ ಆಗುತ್ತೆ, ಆದ್ರೆ ಪ್ರಕೃತಿ ಇಷ್ಟು ನೀಟಾಗಿ ಡಿಪಾರ್ಟ್‌ಮೆಂಟ್ ಮಾಡ್ಕೊಂಡಿರೋದು ಕಮ್ಮಿ.

ಈಗ ಮರ ಸಾಯೋ ವಿಷಯ. ಇದರಲ್ಲಿ ಕೆಯ್ಕೊ ಕುರೋಡಾ ಅನ್ನೋ ವಿಜ್ಞಾನಿಯ ಕೆಲಸ ಮುಖ್ಯ. ಫಂಗಸ್ ಸುರಂಗದ ಉದ್ದಕ್ಕೂ ಹೋಗಿ ಅಕ್ಕಪಕ್ಕದ ಜೀವಕೋಶಗಳಿಗೆ ನುಗ್ಗುತ್ತೆ. ಮರ ಸುಮ್ಮನಿರಲ್ಲ, ನುಗ್ಗಿದ ಜಾಗನ ಸೀಲ್ ಮಾಡೋಕೆ ನೋಡುತ್ತೆ, ಅಲ್ಲಿ ಫಂಗಸ್ಸಿಗೆ ಆಗದ ಪದಾರ್ಥಗಳನ್ನ ತುಂಬಿಸುತ್ತೆ, ನೀರಿನ ಕೊಳವೆಗಳನ್ನ ಮುಚ್ಚುತ್ತೆ, ಆ ಭಾಗ ಕಂದಾಗಿ ಹೆಚ್ಚುಕಮ್ಮಿ ಚೇಗಿನ, ಅಂದ್ರೆ ಮರದ ನಡುವಿನ ಸತ್ತ ಗಟ್ಟಿ ಭಾಗದ, ಥರ ಆಗುತ್ತೆ. ಒಂದು ತೂತಾದ್ರೆ ಇದು ಒಳ್ಳೇ ಉಪಾಯ, ಗಾಯದ ಸುತ್ತ ಬೇಲಿ ಹಾಕಿ ಉಳಿದ ಭಾಗದಲ್ಲಿ ನೀರು ಎಳ್ಕೊಂಡು ಬದುಕ್ಬಹುದು. ನೂರಾರು ತೂತು ಸುತ್ತಲೂ ಇದ್ದು, ಪ್ರತಿಯೊಂದರ ಸುರಂಗ ಒಳಗೆ ಅಡ್ಡಡ್ಡ ಓಡಿದ್ರೆ, ಬೇಲಿ ಹಾಕಿ ಹಾಕಿ ನೀರು ಹೋಗೋಕೆ ದಾರಿನೇ ಇರಲ್ಲ. ಬಿಸಿಲು ಜೋರಾಗಿ ಎಲೆಗಳಿಗೆ ನೀರು ತುಂಬಾ ಬೇಕಾದ ಟೈಮಲ್ಲೇ ಇದಾಗೋದು, ಅದಕ್ಕೇ ಮೇಲಿಂದ ಕೆಳಗಿನವರೆಗೆ ಒಟ್ಟಿಗೇ ಬಾಡೋದು. ಫಂಗಸ್ಸನ್ನ ಮರಕ್ಕೆ ಒಂದೇ ಕಡೆ ಹಾಕಿದ್ರೆ ಸಾಯಲ್ಲ, ಸುತ್ತಲೂ ಒತ್ತೊತ್ತಾಗಿ ಹಾಕಿದ್ರೇನೇ ಸಾಯೋದು ಅನ್ನೋದಕ್ಕೂ ಇದೇ ವಿವರಣೆ. ಅಂದ್ರೆ ಈ ಫಂಗಸ್ ಒಂಟಿಯಾಗಿ ಅಷ್ಟೇನೂ ಘಟವಾಣಿ ಅಲ್ಲ, ದುಂಬಿಯ ಗುಂಪುಗಾರಿಕೆ ಸೇರಿದ್ರೆ ಮಾತ್ರ.

ಒಂದೇ ಕಾಡಲ್ಲಿ ಒಂದು ಸಾಯುತ್ತೆ, ಇನ್ನೊಂದು ಬದುಕುತ್ತೆ

ದುಂಬಿ ಹೋಗೋದು ನಾರಾ ಮರಗಳಿಗಷ್ಟೇ ಅಲ್ಲ. ವರ್ಷ ಪೂರ್ತಿ ಹಸಿರಾಗಿರೋ ಓಕ್ ಜಾತಿಗಳು, ಅವುಗಳ ನೆಂಟರಾದ ಶೀ, ಮಾತೆಬಾಶೀ ಮರಗಳಿಗೂ ಧಾರಾಳವಾಗಿ ಹೋಗುತ್ತೆ, ಅಲ್ಲೂ ತೂತು, ಅಲ್ಲೂ ಹುಡಿ, ಆದ್ರೆ ಆ ಮರಗಳು ಸಾಯೋದು ಅಪರೂಪ. ಕೊನಾರಾ ಸಾಯುತ್ತೆ, ಆದ್ರೆ ಮಿಜುನಾರಾದಷ್ಟಲ್ಲ. ಮಿಜುನಾರಾದಲ್ಲಿ ದಾಳಿಗೆ ಸಿಕ್ಕಿದ ನೂರು ಮರದಲ್ಲಿ 40ರ ಆಸುಪಾಸು ಸತ್ತಿದ್ದನ್ನ ನಾವೋಟೊ ಕಾಮಾಟಾ ಮತ್ತವರ ಜೊತೆಯವರು 2002ರಲ್ಲಿ ಬರೆದಿದ್ದಾರೆ.

ಅದೇ ಪೇಪರಲ್ಲಿ ಇನ್ನೊಂದು ಮಾತಿದೆ, ನನಗೆ ಇಡೀ ಕೇಸಲ್ಲಿ ಅತಿ ಹೆಚ್ಚು ಕುತೂಹಲ ಅನ್ಸಿದ್ದು ಅದು. ಆಯ್ಕೆ ಇದ್ದಾಗ ದುಂಬಿ ಮಿಜುನಾರಾನ ಕಡೇಗೆ ಆರಿಸುತ್ತೆ, ಆದ್ರೆ ಅದರ ಸಂತಾನ ಅತಿ ಹೆಚ್ಚಾಗೋದು ಮಿಜುನಾರಾದಲ್ಲೇ. ದಕ್ಷಿಣದ, ತಗ್ಗಿನ ಬೆಚ್ಚಗಿನ ಕಾಡುಗಳ ನಿತ್ಯಹಸಿರು ಮರಗಳ ಜೊತೆ ಈ ದುಂಬಿ, ಫಂಗಸ್ ಎರಡೂ ಬಹಳ ಕಾಲದಿಂದ ಹೊಂದ್ಕೊಂಡು ಬಂದಿವೆ, ಎತ್ತರದ ತಂಪು ಜಾಗದ ಮಿಜುನಾರಾಕ್ಕೆ ಇವುಗಳ ಪರಿಚಯ ಇಲ್ಲ, ಹವಾಮಾನ ಬೆಚ್ಚಗಾಗಿ ದುಂಬಿ ಮೇಲಕ್ಕೂ ಉತ್ತರಕ್ಕೂ ಹೋದಾಗ ಮುಖಾಮುಖಿ ಆಯ್ತು, ಇದು ಅವರ ವಾದ. ಮರದ ರಚನೆಯಿಂದಾನೂ ಇದನ್ನ ವಿವರಿಸ್ತಾರೆ: ನಾರಾ ಮರಗಳು ನೀರಿನ ಹೆಚ್ಚಿನ ಭಾರನ ಆ ವರ್ಷ ಹೊಸದಾಗಿ ಬೆಳೆದ ಉಂಗುರದ ದೊಡ್ಡ ಕೊಳವೆಗಳ ಮೇಲೆ ಹಾಕಿರುತ್ತೆ, ಅದು ಕೈಕೊಟ್ರೆ ಬೇರೆ ವ್ಯವಸ್ಥೆ ಕಮ್ಮಿ.

ಸಾಯದೇ ಉಳಿದ ಮರಗಳ ಕತೆನೂ ಹೇಳ್ಬೇಕು. ಒಮ್ಮೆ ದಾಳಿ ತಡ್ಕೊಂಡ ಮರದ ಬಿಳಿ ಭಾಗದಲ್ಲಿ, ಅಂದ್ರೆ ಚೇಗಿನ ಸುತ್ತ ನೀರು ಹೋಗೋ ಭಾಗದಲ್ಲಿ, ಕಂದು ಗಾಯಗಳು ತುಂಬಿರೋದ್ರಿಂದ ಮುಂದಿನ ವರ್ಷ ದುಂಬಿಗಳಿಗೆ ಅಲ್ಲಿ ಸಂಸಾರ ಸರಿ ಹೋಗಲ್ಲ, ಮತ್ತೆ ಸಾಯೋ ಸಾಧ್ಯತೆ ತುಂಬಾ ಇಳಿಯುತ್ತೆ. ಆದ್ರಿಂದ ಬುಡದಲ್ಲಿ ಹುಡಿ ಕಂಡಿದ್ದೇ ತಡ ಹಸಿರು ಮರನೂ ಕಡಿದು ಹಾಕೋದು ಜಾಣತನ ಅಲ್ಲ.

ಸರಿ, 1980ರಲ್ಲೇ ಯಾಕೆ?

ದುಂಬಿ ಹೊರದೇಶದಿಂದ ಹಡಗು ಹತ್ತಿ ಬಂದಿದ್ದಲ್ಲ, ಅಲ್ಲಿನದ್ದೇ. ಫಂಗಸ್ಸನ್ನೂ ಹಾಗೇ ನೋಡೋರು ಹೆಚ್ಚು. ಹಾಗಿದ್ರೆ ಬದಲಾಗಿದ್ದು ಏನು? ಹವಾಮಾನ ಒಂದು ಉತ್ತರ. ಆದ್ರೆ ಅದಕ್ಕಿಂತ ಗಟ್ಟಿ ಉತ್ತರ ಮರದ ವಯಸ್ಸು ಅಂತ ನಾನು ನಂಬ್ತೀನಿ.

ಜಪಾನಿನ ಹಳ್ಳಿಗಳ ಸುತ್ತ ಇರೋ ಗುಡ್ಡದ ಕಾಡಿಗೆ ಸಾತೊಯಾಮಾ ಅಂತಾರೆ. ನೂರಾರು ವರ್ಷ ಅಲ್ಲಿನ ಓಕ್ ಮರಗಳನ್ನ ಜನ 15ರಿಂದ 30 ವರ್ಷಕ್ಕೊಮ್ಮೆ ಬುಡಕ್ಕೆ ಕಡಿದು ಸೌದೆ, ಇದ್ದಿಲು ಮಾಡ್ತಿದ್ರು, ಮೋಟಿನಿಂದ ಕೂಳೆ ಚಿಗುರಿ ಮತ್ತೆ ಮರ ಆಗ್ತಿತ್ತು. ಹಾಗಾಗಿ ಕಾಡಲ್ಲಿ ಯಾವಾಗ್ಲೂ ಇರ್ತಿದ್ದಿದ್ದು ಸಣ್ಣ ದಪ್ಪದ ಎಳೇ ಮರಗಳು. 1950, 60ರ ದಶಕದಲ್ಲಿ ಗ್ಯಾಸು, ಸೀಮೆಎಣ್ಣೆ, ಕರೆಂಟು ಬಂತು, ಇದ್ದಿಲು ಕೇಳೋರಿಲ್ಲ, ಹಳ್ಳಿಯ ಹುಡುಗರು ಸಿಟಿಗೆ ಹೋದ್ರು, ಕಡಿಯೋದು ನಿಂತೋಯ್ತು. ಮೂವತ್ತು ವರ್ಷ ಆದ್ಮೇಲೆ ನೋಡಿದ್ರೆ ಗುಡ್ಡ ಗುಡ್ಡವೇ ದಪ್ಪ ಮರ. ದುಂಬಿಗೆ ಬೇಕಿರೋದೇ ಅದು, ಸುಮಾರು 10 ಸೆಂಟಿಮೀಟರ್‌ಗಿಂತ ಸಣ್ಣ ಕಾಂಡಕ್ಕೆ ಅದು ಹೋಗೋದೇ ಕಮ್ಮಿ, ಸುರಂಗ ತೋಡೋಕೆ ಜಾಗ ಬೇಕಲ್ಲ, ಕಾಂಡ ದಪ್ಪ ಆದಷ್ಟೂ ಮರಿ ಜಾಸ್ತಿ, ಒಂದು ದೊಡ್ಡ ಮರದಿಂದ ಮುಂದಿನ ಬೇಸಿಗೆಗೆ ಸಾವಿರಾರು ದುಂಬಿ ಹೊರಗೆ ಬರೋದು ಮಾಮೂಲು.

ಕಾಡು ಕಡಿಯೋದು ನಿಲ್ಸಿದ್ರೆ ಕಾಡಿಗೆ ಒಳ್ಳೇದು ಅಂತ ನಮ್ಮ ತಲೇಲಿ ಕೂತಿರುತ್ತೆ. ಮನುಷ್ಯರು ಮುಟ್ಟದ ಕಾಡಿನ ವಿಷಯದಲ್ಲಿ ಅದು ಸರಿ. ಮನುಷ್ಯರೇ ಕಡಿದು ಕಡಿದು ಒಂದೇ ವಯಸ್ಸಿನ, ಒಂದೆರಡೇ ಜಾತಿಯ ಮರ ಇರೋ ಹಾಗೆ ರೂಪಿಸಿದ ಕಾಡನ್ನ ಏಕಾಏಕಿ ಕೈಬಿಟ್ರೆ ಅದು ಬೇರೆ ವಿಷಯ.

2010ರಲ್ಲಿ ಹಾನಿ ತುದಿ ಮುಟ್ತು, ಆ ಒಂದೇ ವರ್ಷ ಸತ್ತ ಮರದ ಪ್ರಮಾಣ 3 ಲಕ್ಷ ಘನ ಮೀಟರ್ ದಾಟಿತ್ತು. ಆಮೇಲೆ ಇಳೀತು, ಗೆದ್ವಿ ಅಂದ್ಕೊಳ್ಳೋ ಅಷ್ಟರಲ್ಲಿ 2020ರಲ್ಲಿ ಮತ್ತೆ 2 ಲಕ್ಷದ ಹತ್ರ ಬಂತು, ಈ ಸಲ ಟೋಕಿಯೊ, ಕಾನಾಗಾವಾ ಕಡೆಯ ಪಾರ್ಕುಗಳಲ್ಲೂ. ಪಾರ್ಕಲ್ಲಿ ಸಮಸ್ಯೆ ಬೇರೆ ಥರ, ಸತ್ತ ಮರದ ಕೊಂಬೆ ವಾಕಿಂಗ್ ಮಾಡೋರ ತಲೆ ಮೇಲೆ ಬೀಳುತ್ತೆ. ಇದರ ಜೊತೆಗೆ ಸತ್ತ ನಾರಾ ಮರದ ಬುಡದಲ್ಲಿ ಕಾಯೆಂತಾಕೆ ಅನ್ನೋ ಬೆಂಕಿ ಬಣ್ಣದ, ಬೆರಳಿನಾಕಾರದ ಅಣಬೆ ಜಾಸ್ತಿ ಏಳೋಕೆ ಶುರುವಾಯ್ತು, ಅದು ಎಂಥ ವಿಷ ಅಂದ್ರೆ ಕೆಲವೇ ಗ್ರಾಂ ತಿಂದ್ರೆ ಪ್ರಾಣಕ್ಕೆ ಅಪಾಯ, ಮುಟ್ಟಲೂ ಬೇಡಿ ಅಂತ ಬೋರ್ಡ್ ಹಾಕ್ತಾರೆ. ಒಂದು ಫಂಗಸ್ ಕೊಂದ ಮರದ ಮೇಲೆ ಇನ್ನೊಂದು ಫಂಗಸ್ಸಿನ ದರ್ಬಾರು.

ಏನೇನು ಮಾಡಿ ನೋಡಿದ್ರು

ಸತ್ತ ಮರನ ಮುಂದಿನ ಜೂನ್ ಒಳಗೆ ವಿಲೇವಾರಿ ಮಾಡ್ಬೇಕು, ಇದೇ ಮೂಲ ನಿಯಮ, ಯಾಕಂದ್ರೆ ಒಳಗಿರೋ ದುಂಬಿ ಹೊರಗೆ ಬರೋದು ಆಗ. ಕಡಿದು, ತುಂಡು ಮಾಡಿ, ಪ್ಲಾಸ್ಟಿಕ್ ಶೀಟ್ ಮುಚ್ಚಿ ಒಳಗೆ ಔಷಧದ ಹೊಗೆ ಕಟ್ಟೋದು ಹಳೇ ವಿಧಾನ. ಕಡಿದಾದ ಗುಡ್ಡದಲ್ಲಿ ಕಡಿಯೋಕಾಗದೇ ಇದ್ರೆ ನಿಂತ ಮರಕ್ಕೇ ಡ್ರಿಲ್ ಹಾಕಿ ಔಷಧ ತುಂಬಿಸ್ತಾರೆ. ಬದುಕಿರೋ ಬೆಲೆಬಾಳೋ ಮರಗಳಿಗೆ, ದೇವಸ್ಥಾನದ ಮರ, ಪಾರ್ಕಿನ ಮರ ಇಂಥವಕ್ಕೆ, ಕಾಂಡದ ಕೆಳಭಾಗ ಶೀಟ್ ಸುತ್ತೋದು, ಇಲ್ಲಾ ಫಂಗಸ್ ತಡೆಯೋ ಔಷಧನ ಇಂಜೆಕ್ಷನ್ ಥರ ಕೊಡೋದು. ಗುಡ್ಡದ ಲಕ್ಷಾಂತರ ಮರಕ್ಕೆ ಇದು ಆಗೋ ಹೋಗೋ ಮಾತಲ್ಲ.

ದುಂಬಿಯದ್ದೇ ವಾಸನೆ ಬಳಸಿ ಕಡಿದ ದಿಮ್ಮಿಗಳ ರಾಶಿಗೆ ಅವುಗಳನ್ನ ಸೆಳೆದು, ಆಮೇಲೆ ದಿಮ್ಮಿನ ಚಿಪ್ಸ್ ಮಾಡಿ ನಾಶ ಮಾಡೋ ವಿಧಾನ ಯಾಮಾಗಾತಾದಲ್ಲಿ ಬೆಳೀತು. ದಾಳಿ ಆಗ್ತಿರೋ ಮರಕ್ಕೇ ಟ್ರಾಪ್ ಕಟ್ಟಿ ಬಂದ ದುಂಬಿನ ಹಿಡಿಯೋದನ್ನ ಕ್ಯೋಟೊ ಕಡೆ ಮಾಡಿದ್ರು. ಹೊಸದಾಗಿ ಒಂದೆರಡು ಮರ ಬಿದ್ದ ಜಾಗದಲ್ಲಿ ಇಂಥದ್ದು ಉಪಯೋಗಕ್ಕೆ ಬರುತ್ತೆ, ಗುಡ್ಡ ಪೂರ್ತಿ ಕೆಂಪಾದ ಮೇಲೆ ಟ್ರಾಪ್ ಹಾಕೋದು ಕಾಟಾಚಾರ. ಇನ್ನು ಸೌದೆ ಸಾಗಾಟ: ಸ್ಟವ್‌ಗೆ, ಕ್ಯಾಂಪಿಂಗ್‌ಗೆ ಅಂತ ಸತ್ತ ನಾರಾ ಮರದ ಸೌದೆನ ಇನ್ನೊಂದು ಊರಿಗೆ ಕಾರಲ್ಲಿ ಹಾಕ್ಕೊಂಡು ಹೋದ್ರೆ ದುಂಬಿಗೆ ನಾವೇ ಟಿಕೆಟ್ ತೆಗೆಸಿದಂಗೆ, ಇದನ್ನ ಜನಕ್ಕೆ ಹೇಳೋದೇ ದೊಡ್ಡ ಕೆಲಸ.

ಇದೇ ಗುಂಪಿನ ಫಂಗಸ್‌ಗಳು ಬೇರೆ ಕಡೆನೂ ಸುದ್ದಿಯಲ್ಲಿವೆ. ದಕ್ಷಿಣ ಕೊರಿಯಾದಲ್ಲಿ 2004ರಲ್ಲಿ ಸೋಲ್ ಪಕ್ಕದ ಸೊಂಗ್ನಾಮ್‌ನಲ್ಲಿ ಮಂಗೋಲಿಯನ್ ಓಕ್ ಮರಗಳು ಸಾಯೋದು ಕಂಡಿತು, ಅಲ್ಲಿ ದುಂಬಿ ಪ್ಲಾಟಿಪಸ್ ಕೊರ್ಯೊಯೆನ್ಸಿಸ್, ಫಂಗಸ್ ರಫೇಲಿಯಾದ ಇನ್ನೊಂದು ಜಾತಿ, ಅಂಟು ಶೀಟ್ ಸುತ್ತಿದ ಮರಗಳು ಅಲ್ಲಿನ ಗುಡ್ಡಗಳಲ್ಲಿ ಮಾಮೂಲು ದೃಶ್ಯ. ಅಮೆರಿಕದಲ್ಲಿ 2002ರಲ್ಲಿ ಜಾರ್ಜಿಯಾದಲ್ಲಿ ಏಷ್ಯಾದ ಒಂದು ಆಂಬ್ರೋಸಿಯಾ ದುಂಬಿ ಸಿಕ್ತು, ಅದು ತಂದ ರಫೇಲಿಯಾ ಲಾರಿಕೋಲಾ ಓಕ್ ಬಿಟ್ಟು ರೆಡ್‌ಬೇ ಮರಗಳನ್ನ ಸಾಯಿಸ್ತು, ಫ್ಲೋರಿಡಾದ ಬೆಣ್ಣೆಹಣ್ಣಿನ ತೋಟಗಳಿಗೂ ಹೋಯ್ತು. ಅಮೆರಿಕದಲ್ಲೇ ಓಕ್ ವಿಲ್ಟ್ ಅನ್ನೋ ಇನ್ನೊಂದು ರೋಗ ಇದೆ, ಅದರ ಫಂಗಸ್ ಬೇರೆ, ಅದು ರಸ ಹೀರೋಕೆ ಬರೋ ದುಂಬಿಗಳಿಂದ ಮತ್ತು ಬೇರು ಬೇರು ಕೂಡೋದ್ರಿಂದ ಹರಡುತ್ತೆ, ಎರಡನ್ನೂ ಕಲಸಬಾರದು.

ನಮ್ಮ ಕಡೆಗೆ ಬಂದ್ರೆ, ಪಶ್ಚಿಮ ಘಟ್ಟದ ಕಾಡಲ್ಲಿ ಓಕ್ ಕುಲದ ಮರ ಸ್ವಾಭಾವಿಕವಾಗಿ ಇಲ್ಲ, ಕಾಫಿ ತೋಟದ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಟುಂಬದ ಮರ. ಆದ್ರೆ ಇದೇ ಜೀವನಶೈಲಿಯ ದುಂಬಿ ಕೊಡಗು, ಚಿಕ್ಕಮಗಳೂರಿನ ರೊಬಸ್ಟಾ ಕಾಫಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತು: ಶಾಟ್ ಹೋಲ್ ಬೋರರ್. ಅಲ್ಲಿ ಕೊರೆಯೋದು ಹೆಣ್ಣು, ಸಣ್ಣ ರೆಕ್ಕೆಗಳ (ಕಾಫಿ ಗಿಡದ ಕೊಂಬೆಗೆ ತೋಟದಲ್ಲಿ ಹೀಗಂತಾರೆ) ಒಳಗೆ ಫಂಗಸ್ ಬೆಳೆಸಿ ಮರಿ ಮಾಡುತ್ತೆ, ರೆಕ್ಕೆ ಒಣಗುತ್ತೆ, ಗಿಡ ಪೂರ್ತಿ ಸಾಯೋದು ಕಮ್ಮಿ. ಒಣಗಿದ ರೆಕ್ಕೆ ಕತ್ತರಿಸಿ ಸುಡಬೇಕು ಅನ್ನೋದರ ಲಾಜಿಕ್ ಜಪಾನಿನ ಜೂನ್ ನಿಯಮದ ಲಾಜಿಕ್ಕೇ, ಒಳಗಿರೋದು ಹೊರಗೆ ಬರೋ ಮುಂಚೆ ಮುಗಿಸ್ಬೇಕು. ಅರೇಬಿಕಾದ ಬಿಳಿ ಕಾಂಡಕೊರಕ ಈ ಗುಂಪಲ್ಲ, ಅದರ ಮರಿ ನಿಜವಾಗ್ಲೂ ಕಾಂಡನೇ ತಿನ್ನೋದು.

ಮತ್ತೆ ಜಪಾನಿಗೆ. 2023ರಲ್ಲಿ ಉತ್ತರದ ಹೊಕ್ಕೈಡೊ ದ್ವೀಪದ ದಕ್ಷಿಣ ತುದಿಯಲ್ಲೂ ನಾರಾಗಾರೆ ಸಿಕ್ತು. ವಿಸ್ಕಿ ಪೀಪಾಯಿಗೆ ಹೋಗೋ ದೊಡ್ಡ ಮಿಜುನಾರಾ ಮರಗಳ ತವರು ಅದು, ಹಾಗಾಗಿ ಅಲ್ಲಿ ಗಾಬರಿ ಜಾಸ್ತಿ. ಕುರೋಡಾ ಅವರು ಬಹಳ ವರ್ಷದಿಂದ ಹೇಳ್ತಿರೋದು, ಸತ್ತಿದ್ದನ್ನ ಹುಡುಕಿ ಹುಡುಕಿ ಕಡಿಯೋದಕ್ಕಿಂತ ಸಾತೊಯಾಮಾ ಕಾಡನ್ನ ಮುಂಚಿನ ಹಾಗೆ ಸಣ್ಣ ಸಣ್ಣ ತುಂಡಾಗಿ ಕಡಿದು, ಮರ ಬಳಸಿ, ಎಳೇ ಕಾಡಾಗಿ ಮಾಡಿ ಅಂತ. ಪಾರ್ಕಿನ ಥರ ಚಂದ ಕಾಣ್ಲಿ ಅಂತ ಸಣ್ಣ ಮರ ತೆಗೆದು ದೊಡ್ಡ ಮರ ಉಳಿಸೋದು, ಕಡಿದ ದಿಮ್ಮಿ ಅಲ್ಲೇ ಬಿಡೋದು, ಇವೆರಡೂ ದುಂಬಿಗೆ ಅನುಕೂಲ ಅಂತಾನೂ ಹೇಳಿದ್ದಾರೆ. ನನಗೆ ಈ ವಾದ ಒಪ್ಪಿಗೆ ಆಗುತ್ತೆ. ಆದ್ರೆ ಮಾಡೋದು ಕಷ್ಟ: ಕಡಿದ ಮರನ ಕೊಳ್ಳೋರು ಬೇಕು, ಕಡಿಯೋಕೆ ಆಳು ಬೇಕು, ಹಳ್ಳಿಯಲ್ಲಿ ಉಳಿದಿರೋದು ವಯಸ್ಸಾದವರು, ಐವತ್ತು ಅರವತ್ತು ವರ್ಷ ದಾಟಿದ ಕೊನಾರಾ ಮೋಟು ಮೊದಲಿನ ಹಾಗೆ ಚಿಗುರಲ್ಲ, ಚಿಗುರಿದ್ರೂ ಈಗ ಅಲ್ಲಿ ಜಿಂಕೆ ಕಾಟ ವಿಪರೀತ, ಕೂಳೆ ಒಂದಡಿ ಏಳೋ ಮುಂಚೆ ಮೇಯ್ದು ಹೋಗ್ತಾವೆ, ಅದಕ್ಕೆ ಕಡಿದ ಜಾಗಕ್ಕೆಲ್ಲ ಬಲೆ ಬೇಲಿ ಹಾಕ್ಬೇಕು, ಆ ಬೇಲಿಯ ಖರ್ಚು ಸೌದೆ ಮಾರಿ ಹುಟ್ಟಲ್ಲ.